ಎರಡನೇ ಗುಳಿಗೆಗೂ ಅವನಿಗೆ ಹಕ್ಕಿದೆ

“ಗುಳ್ಗೆ ಕೊಡ್ಸಿ ಆಯ್ತು, ದೇವ್ರ ಮುಂದೆ ಆಣೆ ಹಾಕ್ಸಿ ಆಯ್ತು, ಶಿಬಿರಕ್ಕೂ ಕಳ್ಸಿ ಆಯ್ತು. ಅವ್ನಿಗೆ ಬಿಡೋ ಮನಸ್ಸೇ ಇಲ್ಲ.”

ಹುಲೇಕಲ್ಲಿನಿಂದ ಬಿಳಗಿಯವರೆಗೆ, ಮಂಚಿಕೇರಿಯಿಂದ ಕಿರವತ್ತಿಯವರೆಗೆ, ಕುಡಿತಕ್ಕೆ ಸಿಕ್ಕಿಬಿದ್ದವರ ಮನೆಯ ಜಗುಲಿಯಲ್ಲಿ ಕೂತರೆ ಈ ಮಾತು ಕಿವಿಗೆ ಬೀಳದೇ ಇರುವುದಿಲ್ಲ. ಹೇಳುವವರು ಕೆಟ್ಟವರಲ್ಲ. ತಾಯಿ, ಹೆಂಡತಿ, ಅಣ್ಣ, ಇಂಥವರೇ. ಸಾಲ ಮಾಡಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಕರೆದುಕೊಂಡು ಹೋಗಿ, ಕೈ ಖಾಲಿ ಮಾಡಿಕೊಂಡು ಬಂದವರು. ಆದರೂ ಅವರ ಆ ಕೊನೆಯ ಮಾತನ್ನು ನಾನು ಒಪ್ಪಲಾರೆ. ನೀವೂ ಒಪ್ಪಬೇಡಿ ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಮನೆಯನ್ನೂ ಕೇಳಿಕೊಳ್ಳಲಿಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಒಬ್ಬನಿಗೆ ಕೊಟ್ಟ ಗುಳಿಗೆ ಹಿಡಿಯದೇ ಹೋಗಲು ಅವನ ಮನಸ್ಸಿಗೆ ಸಂಬಂಧವೇ ಇಲ್ಲದ ಕಾರಣಗಳಿರುತ್ತವೆ. ಅವನು ಅಪ್ಪ-ಅಮ್ಮನಿಂದ ಪಡೆದು ಹುಟ್ಟಿದ ವಂಶವಾಹಿ ಅವುಗಳಲ್ಲೊಂದು.

ಕೊನೆಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ತೋಟದ ಬದಿಗೆ ಬಂದು ನಿಲ್ಲುವ ಕೊನೆಗೌಡನ ಕೈಯನ್ನು ಗಮನಿಸಿ ನೋಡಿ. ಎಲ್ಲರ ಕೈಯಲ್ಲ, ವರ್ಷಗಟ್ಟಲೆ ಕುಡಿತದಲ್ಲಿ ಬಿದ್ದವನ ಕೈ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಾನೆ, ಆದರೂ ಅಂಚಿನಿಂದ ಚೆಲ್ಲುತ್ತದೆ. ಚಳಿಗೆ ನಾವು ಶಾಲು ಹೊದ್ದು ನಿಂತಿದ್ದರೆ ಅವನ ಹಣೆಯಲ್ಲಿ ಬೆವರು. ಮದ್ಯ ದಿನವೂ ಅದುಮಿ ಅದುಮಿ, ಆ ಒತ್ತಡಕ್ಕೆ ಎದುರಾಗಿ ಸದಾ ಬಿಗಿದುಕೊಂಡಿರುವುದನ್ನು ಕಲಿತ ಮಿದುಳು ಅದು. ರಾತ್ರಿಯಿಡೀ ಮದ್ಯ ಸಿಗದೇ ಹೋದಾಗ ಆ ಬಿಗಿ ನಡುಕವಾಗಿ, ಬೆವರಾಗಿ, ಎದೆಬಡಿತವಾಗಿ ಹೊರಬರುತ್ತದೆ. ನಲವತ್ತು ಅಡಿ ಎತ್ತರದ ಅಡಿಕೆ ಮರ ಹತ್ತಿ, ಅಲ್ಲಿಂದಲೇ ಮತ್ತೊಂದು ಮರಕ್ಕೆ ಹಾಯಬೇಕಾದ ಆ ಕೈಯನ್ನು ನಿಲ್ಲಿಸಿಕೊಳ್ಳಲು ಅವನಿಗೆ ಗೊತ್ತಿರುವ ಉಪಾಯ ಒಂದೇ, ಒಂದು ನೈಂಟಿ. “ಸ್ವಲ್ಪ ಹಾಕ್ಕೊಂಡೇ ಬಾ ಮಾರಾಯಾ, ಬೀಳ್ತೆ” ಎಂದು ದುಡ್ಡು ಕೊಟ್ಟು ಕಳಿಸುವ ಒಡೆಯರಿದ್ದಾರೆ. ಸಂಜೆ ಸಂಬಳದ ಜೊತೆಗೆ ಕ್ವಾರ್ಟರ್ ಕೊಡುವುದೇ ರೂಢಿಯಾಗಿರುವ ತೋಟಗಳಿವೆ. ಕೊಟ್ಟವರೇ ಮರುದಿನ ಅವನಿಗೆ ಮನಸ್ಸಿಲ್ಲ ಎನ್ನುತ್ತಾರೆ.

ಇದು ಕೂಲಿಯವರ ಕೇರಿಯ ಕಾಯಿಲೆ ಎಂದುಕೊಂಡು ಸಮಾಧಾನಪಟ್ಟುಕೊಳ್ಳುವ ತೋಟದ ಮನೆಗಳಿಗೂ ಒಂದು ಮಾತು. ನಿಮ್ಮಲ್ಲಿಯೂ ಮೆತ್ತಿಯ ಕೋಣೆಯ ಬಾಗಿಲು ಹಾಕಿಕೊಂಡು ಕುಡಿಯುವವರಿದ್ದಾರೆ. ಕೇರಿಯವನು ರಸ್ತೆಬದಿಯಲ್ಲಿ ಬೀಳುವುದರಿಂದ ಊರಿಗೆ ಕಾಣುತ್ತಾನೆ. ಮೆತ್ತಿಯವನು ಲಿವರ್ ಕೆಟ್ಟು ಹೊಟ್ಟೆ ಉಬ್ಬಿದ ಮೇಲೆ ಕಾಣುತ್ತಾನೆ. ವ್ಯತ್ಯಾಸ ಅಷ್ಟೇ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕೊಟ್ಟೆ ಸಾರಾಯಿ ಹೋದ ಜಾಗಕ್ಕೆ ಬಾಟಲಿಯೂ ಟೆಟ್ರಾ ಪ್ಯಾಕೂ ಬಂದವು. ಅಂಗಡಿ ಬದಲಾಯಿತು, ಬೆಲೆ ಏರಿತು, ಕುಡಿಯುವವನ ಮಿದುಳು ಅದೇ ಉಳಿಯಿತು. ಆ ಮಿದುಳಿಗೆ ಚಿಕಿತ್ಸೆ ಇದೆ ಎಂಬ ಸುದ್ದಿ ಮಾತ್ರ ಘಟ್ಟದ ಮೇಲಿನ ಎಷ್ಟೋ ಮನೆಗಳಿಗೆ ಇನ್ನೂ ತಲುಪಿಲ್ಲ.

ಮದ್ಯವ್ಯಸನಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಯದು ಎಂಬುದು ಅವಳಿ ಮಕ್ಕಳ ಮೇಲೆ ನಡೆದ ಹಲವು ದೇಶಗಳ ಅಧ್ಯಯನಗಳಿಂದ ತಿಳಿದ ಸಂಗತಿ. ಉಳಿದರ್ಧ ಮನೆ, ಬಡತನ, ಸಂಗಡಿಗರು, ಎಷ್ಟನೇ ವಯಸ್ಸಿಗೆ ಶುರುವಾಯಿತು, ಅಂಗಡಿ ಎಷ್ಟು ಹತ್ತಿರ ಎಂಬಂಥವು. ಬೆಂಗಳೂರಿನ ನಿಮ್ಹಾನ್ಸ್‌ನವರು ವ್ಯಸನ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಕುಟುಂಬಗಳನ್ನು, ಇನ್ನೂ ಒಂದು ಹನಿಯನ್ನೂ ಮುಟ್ಟದ ಅವರ ಮಕ್ಕಳ ಮಿದುಳಿನ ಚಟುವಟಿಕೆಯನ್ನು ಬಹಳ ಕಾಲದಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಅಪ್ಪ ಕುಡುಕನಾದರೆ ಮಗನೂ ಕುಡುಕನೇ ಎಂದು ಇದರ ಅರ್ಥವಲ್ಲ. ಹಾಗೆಂದು ಮಗನ ಮದುವೆ ಸಂಬಂಧ ಮುರಿಯುವವರು ವಿಜ್ಞಾನದ ಹೆಸರು ಹೇಳಬೇಡಿ. ಒಬ್ಬನಿಗೆ ಎರಡು ಪೆಗ್ಗಿಗೆ ಸಾಕೆನಿಸುವುದು, ಇನ್ನೊಬ್ಬನಿಗೆ ಬಾಟಲಿ ಮುಗಿದರೂ ಸಾಲದಾಗುವುದು ಬರೀ ಸಂಸ್ಕಾರದ ಪ್ರಶ್ನೆಯಲ್ಲ ಎಂದಷ್ಟೇ ಇದು ಹೇಳುತ್ತದೆ.

ಔಷಧಗಳ ವಿಷಯಕ್ಕೆ ಬರೋಣ. ಡೈಸಲ್ಫಿರಾಂ ಎಲ್ಲಕ್ಕಿಂತ ಹಳೆಯದು. ಕೋಪನ್‌ಹೇಗನ್‌ನಲ್ಲಿ ಎರಿಕ್ ಜೇಕಬ್ಸನ್ ಮತ್ತು ಜೆನ್ಸ್ ಹಾಲ್ಡ್ ಅದನ್ನು ಹೊಟ್ಟೆಹುಳದ ಔಷಧವೆಂದು ಪರೀಕ್ಷಿಸುತ್ತಿದ್ದರು. ತಾವೇ ನುಂಗಿ, ಆಮೇಲೆ ಮದ್ಯ ಕುಡಿದಾಗ ಮುಖ ಕೆಂಪೇರಿ, ಎದೆ ಬಡಿದು, ಓಕರಿಕೆ ಬಂತು. 1948ರಲ್ಲಿ ಈ ಗುಣ ಲೋಕಕ್ಕೆ ತಿಳಿಯಿತು. ಮದ್ಯವನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತದೆ, ಆಮೇಲೆ ಆ ವಿಷವನ್ನು ಇನ್ನೊಂದು ಕಿಣ್ವ ನಿರಪಾಯಗೊಳಿಸುತ್ತದೆ. ಡೈಸಲ್ಫಿರಾಂ ತಡೆಯುವುದು ಈ ಎರಡನೇ ಹೆಜ್ಜೆಯನ್ನು. ಚೀನಾ, ಜಪಾನ್, ಕೊರಿಯಾಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಗೆ ಈ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಒಂದು ಗ್ಲಾಸ್ ಬಿಯರಿಗೇ ಅವರ ಮುಖ ಕೆಂಪಾಗಿ ಸಂಕಟವಾಗುತ್ತದೆ, ಹಾಗಾಗಿ ಅವರು ವ್ಯಸನಕ್ಕೆ ಬೀಳುವುದೂ ಕಡಿಮೆ. ಅದು ಅವರ ಇಚ್ಛಾಶಕ್ತಿಯಲ್ಲ, ಎಎಲ್‌ಡಿಎಚ್2 ಎಂಬ ಒಂದು ಜೀನಿನಲ್ಲಿನ ಒಂದು ಅಕ್ಷರದ ಬದಲಾವಣೆ. ನಮ್ಮಲ್ಲಿ ಆ ಬದಲಾವಣೆ ಅಪರೂಪ. ಅವರಿಗೆ ಹುಟ್ಟಿನಿಂದಲೇ ಬಂದ ಬೇಲಿ ನಮ್ಮವರಿಗೆ ಇಲ್ಲ. ಇಲ್ಲದ ಬೇಲಿಗೆ ಯಾರನ್ನು ಬೈಯುವುದು?

ಎರಡನೆಯದು ನಾಲ್ಟ್ರೆಕ್ಸೋನ್. ಅಮೆರಿಕದಲ್ಲಿ 1994ರಲ್ಲಿ ಮದ್ಯವ್ಯಸನಕ್ಕೆ ಒಪ್ಪಿಗೆ ಸಿಕ್ಕಿದ್ದು. ಕುಡಿದಾಗ ಮಿದುಳು ತನ್ನದೇ ಎಂಡಾರ್ಫಿನ್‌ಗಳನ್ನು ಸುರಿಸುತ್ತದೆ. ಆ ಹಿತವೇ ಇನ್ನೊಂದು ಪೆಗ್ಗಿಗೆ ಎಳೆಯುವುದು. ಎಂಡಾರ್ಫಿನ್ ಕೂರುವ ಜಾಗವನ್ನು ನಾಲ್ಟ್ರೆಕ್ಸೋನ್ ಮೊದಲೇ ಹೋಗಿ ಹಿಡಿದುಕೊಳ್ಳುತ್ತದೆ. ದಿನಕ್ಕೆ 50 ಮಿಲಿಗ್ರಾಂನ ಒಂದೇ ಗುಳಿಗೆ. ಮೂರನೆಯದು ಅಕಾಂಪ್ರೊಸೇಟ್. ಬಿಟ್ಟ ಮೇಲೆ ತಿಂಗಳುಗಟ್ಟಲೆ ಕಾಡುವ ಚಡಪಡಿಕೆ, ನಿದ್ದೆಗೇಡುಗಳನ್ನು ತಗ್ಗಿಸುತ್ತದೆ. 333 ಮಿಲಿಗ್ರಾಂನ ಎರಡೆರಡು, ದಿನಕ್ಕೆ ಮೂರು ಸಲ, ಒಟ್ಟು ಆರು ಗುಳಿಗೆ. ಬೆಳಗಾಗೆದ್ದು ಕೂಲಿಗೆ ಹೋಗುವವನಿಗೆ ಮಧ್ಯಾಹ್ನದ ಆ ಎರಡನ್ನು ನೆನಪಿಸುವವರು ಯಾರೆಂದು ಬರೆದುಕೊಡುವ ಡಾಕ್ಟರು ಒಮ್ಮೆಯಾದರೂ ಕೇಳಬೇಕು. ಲಿವರ್ ಕೆಟ್ಟವನಿಗೆ ಅಕಾಂಪ್ರೊಸೇಟ್ ಆಗುತ್ತದೆ, ಕಿಡ್ನಿ ಕೆಟ್ಟವನಿಗೆ ಆಗದು. ಡೈಸಲ್ಫಿರಾಂ ಲಿವರ್, ಹೃದಯದ ತೊಂದರೆ ಇದ್ದವರಿಗೆ ಅಪಾಯ. ಇವಲ್ಲದೆ ಟೋಪಿರಮೇಟ್, ಬ್ಯಾಕ್ಲೋಫೆನ್‌ಗಳನ್ನೂ ವೈದ್ಯರು ಬಳಸುತ್ತಾರೆ.

ಇಷ್ಟೊಂದು ಇರುವುದು ಯಾವ ಒಂದೂ ಎಲ್ಲರಿಗೂ ಹಿಡಿಯುವುದಿಲ್ಲ ಎಂಬುದರಿಂದಲೇ. ಹಿಂದಿನ ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಮತ್ತೆ ವಿಪರೀತ ಕುಡಿತಕ್ಕೆ ಜಾರುವ ಒಬ್ಬನನ್ನು ತಡೆಯಲು ನಾಲ್ಟ್ರೆಕ್ಸೋನನ್ನು 12 ಮಂದಿಗೆ ಕೊಡಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಗುಳಿಗೆಗಳ ಲೆಕ್ಕವನ್ನು ಬಲ್ಲವರಿಗೆ ಇದು ಕೀಳು ಫಲಿತಾಂಶವಲ್ಲ. ಆದರೆ ಆ 12ರಲ್ಲಿ ಗುಳಿಗೆಯಿಂದ ಏನೂ ಸಿಗದವರನ್ನು ನಾವು ಹಟಮಾರಿಗಳೆಂದು ಕರೆಯುತ್ತ ಬಂದಿದ್ದೇವೆ. ಮೈಲುತುತ್ತ ಹೊಡೆದ ಮೇಲೂ ತೋಟಕ್ಕೆ ಕೊಳೆ ಬಂದರೆ ನಾವು ಮರಕ್ಕೆ ಬೈಯುವುದಿಲ್ಲ. ಮದ್ದು ಕೂತಿತೋ ಇಲ್ಲವೋ, ಎರಡನೇ ಸಲ ಯಾವಾಗ ಹೊಡೆಯಬೇಕು ಎಂದು ಯೋಚಿಸುತ್ತೇವೆ. ಮರಕ್ಕೆ ತೋರುವ ಆ ತಾಳ್ಮೆ ಮನುಷ್ಯನಿಗೂ ಸಲ್ಲಬೇಡವೇ?

ಯಾರಿಗೆ ಹಿಡಿಯುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ತಿಳಿಯಬಹುದೇ? ಇಪ್ಪತ್ತು ವರ್ಷಗಳಿಂದ ವಿಜ್ಞಾನಿಗಳು ಬೆನ್ನುಹತ್ತಿರುವ ಪ್ರಶ್ನೆ ಇದು. ನಾಲ್ಟ್ರೆಕ್ಸೋನ್ ಹೋಗಿ ಕೂರುವ ಜಾಗವನ್ನು ಕಟ್ಟುವ ಜೀನಿನ ಹೆಸರು ಓಪಿಆರ್‌ಎಂ1, ಆರನೇ ವರ್ಣತಂತುವಿನಲ್ಲಿದೆ. ಅದರ 118ನೇ ಸ್ಥಾನದಲ್ಲಿ ಕೆಲವರಿಗೆ ‘ಎ’ ಅಕ್ಷರ, ಕೆಲವರಿಗೆ ‘ಜಿ’. ‘ಜಿ’ ಇದ್ದವರಲ್ಲಿ ಈ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 2003ರಲ್ಲಿ ಡೇವಿಡ್ ಓಸ್ಲಿನ್ ಮತ್ತು ಸಂಗಡಿಗರು ಬರೆದರು. 1,383 ರೋಗಿಗಳಿದ್ದ ‘ಕಂಬೈನ್’ ಎಂಬ ದೊಡ್ಡ ಪ್ರಯೋಗದ ಮಾಹಿತಿಯನ್ನು ರೇಮಂಡ್ ಆಂಟನ್ ತಂಡ 2008ರಲ್ಲಿ ಜೀನ್ ಪ್ರಕಾರ ಬಿಡಿಸಿ ನೋಡಿತು. ನಾಲ್ಟ್ರೆಕ್ಸೋನ್ ತೆಗೆದುಕೊಂಡವರ ಪೈಕಿ ‘ಜಿ’ ಇದ್ದವರಲ್ಲಿ ಶೇ. 87 ಮಂದಿಗೆ ಒಳ್ಳೆಯ ಫಲ, ಇಲ್ಲದವರಲ್ಲಿ ಶೇ. 55. ಎಲ್ಲರಿಗೂ ಸಂಭ್ರಮ. ಆಮೇಲೆ ಓಸ್ಲಿನ್ ಸುಮ್ಮನೆ ಕೂರಲಿಲ್ಲ. ಮೊದಲೇ ಜೀನ್ ನೋಡಿ, ಗುಂಪು ಮಾಡಿ, ಔಷಧ ಕೊಟ್ಟು ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ತನ್ನದೇ ಶೋಧ ನಿಲ್ಲಲಿಲ್ಲ ಎಂದು ತಾನೇ ಪ್ರಕಟಿಸುವ ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಟೋಪಿರಮೇಟಿನ ವಿಷಯದಲ್ಲೂ ಹೀಗೇ ಆಯಿತು. ಮೊದಲು ಒಂದು ಜೀನ್ ದಾರಿ ತೋರಿದಂತಾಯಿತು, ಮರುಪರೀಕ್ಷೆಯಲ್ಲಿ ಆ ದಾರಿ ಮಸುಕಾಯಿತು.

ಹಾಗಾಗಿ ರಕ್ತ ಕೊಟ್ಟು, ಜೀನ್ ನೋಡಿಸಿ, ಸರಿಯಾದ ಗುಳಿಗೆ ಬರೆಸಿಕೊಂಡು ಬರುವ ಕಾಲ ಇನ್ನೂ ಬಂದಿಲ್ಲ. ಬಂದಿದೆ ಎಂದು ಸಾವಿರಾರು ರೂಪಾಯಿಯ ಪ್ಯಾಕೇಜ್ ಮಾರುವವರು ನಾಳೆ ನಿಮ್ಮೂರಿಗೂ ಬಂದಾರು, ಅವರಿಗೆ ದುಡ್ಡು ಕೊಡಬೇಡಿ. ಒಂದು ಅಕ್ಷರ ಒಬ್ಬ ಮನುಷ್ಯನ ಚಿಕಿತ್ಸೆಯನ್ನು ನಿರ್ಧರಿಸುವುದಿಲ್ಲ. ಹತ್ತಾರು ಜೀನ್‌ಗಳು, ಲಿವರ್, ಜೊತೆಗಿರುವ ಖಿನ್ನತೆ, ಕುಡಿತ ಶುರುವಾದ ವಯಸ್ಸು ಎಲ್ಲ ಸೇರಿ ನಿರ್ಧರಿಸುತ್ತವೆ. ದೇಹದಿಂದ ದೇಹಕ್ಕೆ ಔಷಧ ಬೇರೆಯಾಗಿ ನಡೆದುಕೊಳ್ಳುತ್ತದೆ ಎಂಬುದಂತೂ ಸತ್ಯ. ಮೊದಲೇ ತಿಳಿಯುವ ಉಪಾಯವಿಲ್ಲದ ಮೇಲೆ ಉಳಿಯುವ ದಾರಿ ಒಂದೇ. ಒಂದನ್ನು ಸರಿಯಾಗಿ, ಸಾಕಷ್ಟು ದಿನ ಕೊಡುವುದು. ಹಿಡಿಯದಿದ್ದರೆ ಇನ್ನೊಂದಕ್ಕೆ ಹೋಗುವುದು. ಆ ತನಕ ಅವನ ಕೈ ಬಿಡದಿರುವುದು. ಆ ಎರಡನೇ ಗುಳಿಗೆಯನ್ನು ತಲುಪುವ ಮೊದಲೇ ನಾವು ಅವನನ್ನು ಬಿಟ್ಟುಬಿಡುತ್ತಿದ್ದೇವೆ. ನನ್ನ ಸಂಕಟ ಇದೇ.

ಇನ್ನೊಂದು ಸಂಗತಿ ಈ ಮೂರು ತಾಲ್ಲೂಕುಗಳಿಗೆ ನೇರವಾಗಿ ತಟ್ಟುವಂಥದ್ದು. 2008ರ ಆ ಫಲಿತಾಂಶ ಬಂದದ್ದು ಬಿಳಿಯ ಅಮೆರಿಕನ್ನರಿಂದ. ‘ಜಿ’ ಅಕ್ಷರ ಯುರೋಪಿನವರಲ್ಲಿ ನೂರು ಪ್ರತಿಗಳಲ್ಲಿ ಹದಿನೈದರ ಸುಮಾರಿಗಿದ್ದರೆ ದಕ್ಷಿಣ ಏಷ್ಯಾದವರಲ್ಲಿ ನಲವತ್ತರ ಸುಮಾರು, ಆಫ್ರಿಕಾದವರಲ್ಲಿ ತೀರಾ ವಿರಳ. ಈ ಬಗೆಯ ಅಂಕಿಗಳಿಗೆ ಆಧಾರವಾದ ‘1000 ಜೀನೋಮ್ಸ್’ ಯೋಜನೆಯಲ್ಲಿ ಗುಜರಾತಿಗಳು, ಪಂಜಾಬಿಗಳು, ಬಂಗಾಳಿಗಳು, ತೆಲುಗರು, ಶ್ರೀಲಂಕಾದ ತಮಿಳರು ಇದ್ದಾರೆ. ಕನ್ನಡಿಗರ ಗುಂಪು ಇಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿ ಸಮುದಾಯದ ಪೂರ್ವಿಕರು ಆಫ್ರಿಕಾದಿಂದ ಬಂದವರು ಎಂಬುದನ್ನು 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಡಿಎನ್‌ಎ ಮೂಲಕವೇ ತೋರಿಸಿಕೊಟ್ಟಿದ್ದಾರೆ. ಅಂದರೆ ಒಂದೇ ಬಸ್ಸಿನಲ್ಲಿ ಶಿರಸಿಗೆ ಬರುವ ಜನರಲ್ಲಿ, ಮದ್ಯವ್ಯಸನದ ಒಂದೇ ಔಷಧಕ್ಕೆ ಸಂಬಂಧಿಸಿದ ಅಕ್ಷರ ಇಷ್ಟು ಭಿನ್ನವಾಗಿ ಹಂಚಿಹೋಗಿರಬಹುದು.

ಇದನ್ನು ಓದಿ ಯಾರಾದರೂ ಜಾತಿ ನೋಡಿ ಗುಳಿಗೆ ಬರೆಯಹೊರಟರೆ ಅದು ಅನ್ಯಾಯ, ವಿಜ್ಞಾನಕ್ಕೂ ದ್ರೋಹ. ಸಮುದಾಯದ ಸರಾಸರಿ ಯಾವ ಒಬ್ಬನ ಬಗೆಗೂ ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಒಂದೇ ಒಲೆಯ ಅನ್ನ ಉಂಡ ಅಣ್ಣ-ತಮ್ಮಂದಿರ ಅಕ್ಷರಗಳೇ ಬೇರೆ ಇರುತ್ತವೆ. ಸಿದ್ದಿಯರಿಗೆ, ಕುಣಬಿಯರಿಗೆ, ಕರೆ ಒಕ್ಕಲಿಗರಿಗೆ, ದೀವರಿಗೆ, ಹವ್ಯಕರಿಗೆ ‘ಕುಡುಕರ ಜೀನ್’ ಎಂಬ ಹಣೆಪಟ್ಟಿ ಹಚ್ಚುವ ಹಕ್ಕು ಯಾರಿಗೂ ಇಲ್ಲ. ನಾನು ಕೇಳುವುದು ತದ್ವಿರುದ್ಧವಾದದ್ದನ್ನು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್‌ಇಂಡಿಯಾ ಯೋಜನೆ 83 ಜನಸಮುದಾಯಗಳ 10,000 ಮಂದಿಯ ಜೀನೋಮ್ ಓದಿದೆ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಕಾರವಾರದ ವೈದ್ಯಕೀಯ ಕಾಲೇಜಿನ ವಿದ್ವಾಂಸರೇ, ಮದ್ಯವ್ಯಸನದ ಔಷಧಗಳ ಪರೀಕ್ಷೆ ನಮ್ಮ ಕಾಡಂಚಿನ ಊರುಗಳಲ್ಲೂ ನಡೆಯಲಿ. ಅವರವರ ಮಾತಿನಲ್ಲಿ ಕೂತು ವಿವರಿಸಿ, ಒಪ್ಪಿದವರಿಂದ ಮಾತ್ರ ರಕ್ತ ತೆಗೆದುಕೊಳ್ಳಿ, ಫಲವನ್ನು ಅವರ ಊರಿಗೇ ಮರಳಿಸಿ. ರಕ್ತ ಒಯ್ದು ಪ್ರಬಂಧ ಬರೆದು ಮರಳಿ ಬಾರದವರನ್ನು ಈ ಕಾಡು ಸಾಕಷ್ಟು ಕಂಡಿದೆ.

ಇನ್ನು ಮನೆಯವರಿಗೆ, ಅದರಲ್ಲೂ ಅಕ್ಕ-ತಂಗಿಯರಿಗೆ ಒಂದು ಮಾತು, ಕಟುವೆನಿಸಿದರೂ ಕೇಳಿ. “ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಿ” ಎಂದು ಗೋಡೆಯ ಮೇಲೆ, ಪತ್ರಿಕೆಯ ಮೂಲೆಯಲ್ಲಿ, ಮೊಬೈಲಿನಲ್ಲಿ ಬರುವ ಪುಡಿಗಳನ್ನು ಸಾರಿಗೆ, ಕಾಫಿಗೆ ಬೆರೆಸಬೇಡಿ. ಪುಡಿಯಲ್ಲಿ ಏನಿದೆಯೆಂದು ನಿಮಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಂ ಇದ್ದರಂತೂ, ತಿಳಿಯದೆ ಅದನ್ನು ನುಂಗಿ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ನಿಲ್ಲಿಸಿದ ಎರಡು ವಾರದವರೆಗೂ ಆ ಅಪಾಯ ಇರುತ್ತದೆ. ತಿಳಿದು, ಒಪ್ಪಿ, ಹೆಂಡತಿಯ ಕೈಯಿಂದ ದಿನವೂ ಎದುರೆದುರೇ ತೆಗೆದುಕೊಂಡವರಿಗೆ ಇದೇ ಔಷಧ ಬದುಕು ಕೊಟ್ಟಿದೆ. ಹಾಗೆಯೇ ವರ್ಷಗಟ್ಟಲೆ ದಿನವೂ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬರಬಹುದು, ಎರಡು-ಮೂರು ದಿನಕ್ಕೆ ಇಲ್ಲದ್ದು ಕಂಡು, ಮೈಮೇಲೆ ಹುಳ ಹರಿದಂತಾಗಿ, ಸನ್ನಿ ಹಿಡಿಯಬಹುದು. ಆ ಮೊದಲ ವಾರಕ್ಕೆ ಆಸ್ಪತ್ರೆ ಬೇಕು, ಥಯಮಿನ್ ಇಂಜೆಕ್ಷನ್ ಬೇಕು.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿವೆ. ಶಿಬಿರದಿಂದ ಬಂದು ಹತ್ತಾರು ವರ್ಷ ಮುಟ್ಟದವರಿದ್ದಾರೆ. ಅವರೇ ಇನ್ನೊಬ್ಬರ ಮನೆಗೆ ಹೋಗಿ ಕೂತು ಮಾತಾಡುವುದನ್ನು ಯಾವ ಗುಳಿಗೆಯೂ ಮಾಡಲಾರದು. ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟೇ: ಆಣೆ ಮುರಿದು ಮತ್ತೆ ಬಂದವನನ್ನು ಮೊದಲ ಸಲದಷ್ಟೇ ಪ್ರೀತಿಯಿಂದ ಬರಮಾಡಿಕೊಳ್ಳಿ, ಬಂದವನಿಗೆ ಮನೋವೈದ್ಯರ ದಾರಿಯನ್ನೂ ತೋರಿಸಿ. ಮಾರಿಕಾಂಬೆಯ ಮುಂದೆ ಕಾಯಿಯಿಟ್ಟು ಹೇಳಿದ ಮಾತು ತಪ್ಪಿದವನು ಊರಿಗಿಂತ ಮೊದಲು ತನ್ನನ್ನು ತಾನೇ ಶಪಿಸಿಕೊಂಡಿರುತ್ತಾನೆ. ಆ ನಾಚಿಕೆ ಅವನನ್ನು ಮತ್ತೆ ಅಂಗಡಿಗೇ ತಳ್ಳುತ್ತದೆ.

ಸರ್ಕಾರದ ಲೆಕ್ಕವನ್ನೂ ಕೇಳಬೇಕು. 2024-25ರ ಬಜೆಟ್ಟಿನಲ್ಲಿ ಅಬಕಾರಿಯಿಂದ ರಾಜ್ಯ ಎದುರುನೋಡಿದ್ದು 38,525 ಕೋಟಿ ರೂಪಾಯಿ. ಕೊನೆಗೌಡನ ನೈಂಟಿಯ ಪಾಲೂ ಅದರಲ್ಲಿದೆ. ಆದರೆ 2019ರ ಕೇಂದ್ರ ಸರ್ಕಾರದ ವರದಿಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದ್ದು 38ರಲ್ಲಿ ಒಬ್ಬರಿಗೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದದ್ದು 180ರಲ್ಲಿ ಒಬ್ಬರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದಿಂದಾದ ಮಾನಸಿಕ ತೊಂದರೆಗಳನ್ನೂ ಕಾಯಿಲೆಯೆಂದೇ ಎಣಿಸಿ, ಅಗತ್ಯ ಪಟ್ಟಿಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟು ಸದಾ ಉಚಿತವಾಗಿ ಸಿಗಬೇಕು ಎನ್ನುತ್ತದೆ. ಮನೋಚೈತನ್ಯ ಕಾರ್ಯಕ್ರಮದಡಿ 2014ರಿಂದ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯನ್ನು ಈ ರಾಜ್ಯವೇ ಮಾಡಿದೆ. ಹಾಗಿದ್ದ ಮೇಲೆ ಶಿರಸಿಯ ಪಂಡಿತ ಆಸ್ಪತ್ರೆಯಲ್ಲಿ, ಸಿದ್ದಾಪುರ, ಯಲ್ಲಾಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂರೂ ಬಗೆಯ ಗುಳಿಗೆ ವರ್ಷವಿಡೀ ಇರಬೇಕೆಂದು ಕೇಳುವುದು ಬೇಡಿಕೆಯಲ್ಲ, ಬಾಕಿ ವಸೂಲಿ. ಒಂದೇ ಗುಳಿಗೆ ಇರುವ ಕಪಾಟಿನಿಂದ ಎರಡನೇ ಗುಳಿಗೆ ಬರೆಯಲು ಯಾವ ಡಾಕ್ಟರಿಗೂ ಸಾಧ್ಯವಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರವಣಿಗೆಯಲ್ಲೇ ಕೊಡಿ, ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರೆದುಕೊಳ್ಳಿ, ಶಾಸಕರು ಬಂದ ದಿನ ಎದ್ದುನಿಂತು ಕೇಳಿ.

ಅಷ್ಟರವರೆಗೆ ಮನೆಯಲ್ಲಿಯೇ ಆಗಬೇಕಾದ ಕೆಲಸವೊಂದಿದೆ. ಒಂದು ಹಾಳೆ ತೆಗೆದುಕೊಳ್ಳಿ. ಈವರೆಗೆ ಅವನಿಗೆ ಯಾವ ಗುಳಿಗೆ ಕೊಟ್ಟಿದ್ದರು, ಎಷ್ಟು ದಿನ ತಿಂದ, ಕುಡಿಯುವ ಆಸೆ ಇಳಿದಿತ್ತೋ ಇಲ್ಲವೋ, ಹೊಟ್ಟೆ ತೊಳಸಿತೇ, ನಿದ್ದೆ ಬಂತೇ, ಯಾವಾಗ ಯಾಕೆ ಬಿಟ್ಟ ಎಂದು ಬರೆಯಿರಿ. ಹಳೆಯ ಚೀಟಿ, ಖಾಲಿ ಸ್ಟ್ರಿಪ್ ಇದ್ದರೆ ಪಿನ್ ಮಾಡಿ. ಅವನ ಅಪ್ಪ, ಚಿಕ್ಕಪ್ಪ, ಸೋದರಮಾವ ಯಾರಾದರೂ ಕುಡಿತದಿಂದ ಬಳಲಿದ್ದರೆ, ಬಿಟ್ಟಿದ್ದರೆ ಯಾವ ಔಷಧದಿಂದ ಬಿಟ್ಟರೆಂಬುದನ್ನೂ ಸೇರಿಸಿ. ಜೀನ್ ಪರೀಕ್ಷೆ ಬರುವ ತನಕ ವೈದ್ಯರಿಗೆ ದಾರಿ ತೋರುವುದು ಈ ಹಾಳೆಯೇ. ರಾತ್ರಿಯಲ್ಲಿ ಧೈರ್ಯಗೆಟ್ಟರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್‌ನವರು ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿಯೇ ಮಾತಾಡುತ್ತಾರೆ. ಮನೋವೈದ್ಯರು ನಿಮ್ಮ ಆಸ್ಪತ್ರೆಗೆ ಬರುವ ದಿನ ಯಾವುದೆಂದು ಇಂದೇ ಕೇಳಿಟ್ಟುಕೊಳ್ಳಿ, ಆ ದಿನ ಹಾಳೆ ಹಿಡಿದು ಅವನನ್ನು ಕರೆದುಕೊಂಡು ಹೋಗಿ, “ಇದು ಹಿಡಿದಿಲ್ಲ ಡಾಕ್ಟ್ರೇ, ಬೇರೆ ಯಾವುದಿದೆ?” ಎಂದು ಕೇಳಿ.